ಕಾಲು ಜೋಮು ಹಿಡಿದರೆ ತಟ್ಟನೆ ಏಳಬೇಡಿ

ಸತ್ಯನಾರಾಯಣ ಪೂಜೆಯ ಕಥೆ ಮುಗಿದು ಮಂಗಳಾರತಿಗೆ ಏಳುವಾಗ ಕಾಲು ಇದೆಯೋ ಇಲ್ಲವೋ ಅನ್ನಿಸುತ್ತದೆ, ಅಲ್ವಾ? ನಮ್ಮ ಅತ್ತೆ ಹಾಗೇ ಅವಸರದಲ್ಲಿ ಎದ್ದರು. ಪಾದ ಹೊರಳಿ ಬಿದ್ದರು. ಮೂರು ವಾರ ಸರಿಯಾಗಿ ನಡೆಯಲು ಆಗಲಿಲ್ಲ.

ರಕ್ತ ಓಡಾಟ ನಿಂತಿದ್ದಕ್ಕೇ ಜೋಮು ಅನ್ನುವವರು ಜಾಸ್ತಿ. ಅದೂ ಸ್ವಲ್ಪ ಸೇರಿರುತ್ತದೆ. ಆದರೆ ಮುಖ್ಯ ಕಾರಣ ನರ ಒತ್ತಿಹೋಗುವುದು. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ ಕೈಯಾಡಿಸಿ ನೋಡಿ. ಗುಬುಟಿನಂಥ ಮೂಳೆ ಸಿಗುತ್ತದೆ. ಅದರ ಕೆಳಗೆ ಬಳಸಿಕೊಂಡು ಒಂದು ನರ ಪಾದಕ್ಕೆ ಇಳಿಯುತ್ತದೆ. ಅಲ್ಲಿ ಅದಕ್ಕೆ ಮಾಂಸದ ರಕ್ಷಣೆ ತೀರಾ ಕಡಿಮೆ. ಚಕ್ಕಳಮಕ್ಕಳ ಹಾಕಿದಾಗ, ಕಾಲ ಮೇಲೆ ಕಾಲು ಹಾಕಿದಾಗ, ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ಕಳೆ ಕಿತ್ತಾಗ ಪೆಟ್ಟು ಬೀಳುವುದು ಇದಕ್ಕೇ. ಒತ್ತಡ ಬಿಟ್ಟ ಮೇಲೆ ನರ ಮತ್ತೆ ಕೆಲಸ ಶುರು ಮಾಡುವಾಗ ಜುಮುಜುಮು ಅನ್ನುತ್ತದೆ.

ಜೋಮು ಹಿಡಿದಾಗ ಮೊದಲು ಕೂತಲ್ಲೇ ಕಾಲು ನೀಡಿ. ಪಾದವನ್ನು ಮೇಲಕ್ಕೂ ಕೆಳಕ್ಕೂ ಹತ್ತಿಪ್ಪತ್ತು ಸಲ ಆಡಿಸಿ. ಬಿಸಿನೀರಿನ ಶಾಖ ಬೇಡ, ಸ್ಪರ್ಶ ಇಲ್ಲದಾಗ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಆಮೇಲೆ ಹೆಬ್ಬೆರಳು ಮೇಲೆತ್ತಿ ನೋಡಿ. ಅದು ಚೆನ್ನಾಗಿ ಎದ್ದು, ನೆಲ ತಾಗಿದ್ದು ತಿಳಿದ ಮೇಲೆ ಗೋಡೆ ಹಿಡಿದು ನಿಲ್ಲಿ.

ಮುಂದಿನ ಸಲ ಎಲ್ಲಿ ಮರಗಟ್ಟುತ್ತದೆ ಅಂತ ಗಮನಿಸಿ. ತೊಡೆಯ ಹೊರಬದಿ ಉರಿದರೆ ಬೆಲ್ಟು ಅಥವಾ ಪ್ಯಾಂಟು ಬಿಗಿಯಾಗಿರಬಹುದು. ಪೃಷ್ಠದಿಂದ ಕಾಲಿನ ಹಿಂಬದಿಗೆ ಇಳಿದರೆ ಹಿಂದಿನ ಜೇಬಿನ ದಪ್ಪ ಪರ್ಸ್ ತೆಗೆಯಿರಿ. ನೆಲದ ಮೇಲೆ ಕೂರುವವರಿಗೆ ಮಡಚಿದ ಕಂಬಳಿ ಒಳ್ಳೆಯದು, ಸೊಂಟ ಮಂಡಿಗಿಂತ ಎತ್ತರ ಇದ್ದರೆ ಕಾಲಿನ ಮೇಲೆ ಭಾರ ಕಡಿಮೆ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ಕೂರದಿದ್ದರೂ ಎರಡೂ ಅಂಗಾಲು ಜುಮುಗುಡುತ್ತಿದ್ದರೆ ಶುಗರ್ ಮತ್ತು ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಿಗೆ, ವರ್ಷಗಟ್ಟಲೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗುವವರಿಗೆ ಬಿ12 ಕೊರತೆ ಬರುವುದುಂಟು. ಕಾಲಿಂದ ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದಿದ್ದರೆ, ನಡೆಯುವಾಗ ಪಾದ ನೆಲಕ್ಕೆ ಎಳೆದರೆ ವೈದ್ಯರನ್ನು ಕಾಣಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ತಿಕ್ಕಬೇಡಿ, ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ತೋರಿಸಿ. ತೊಡೆಸಂದು ಮರಗಟ್ಟಿ ಮೂತ್ರ ಹಿಡಿತ ತಪ್ಪಿದರೆ, ಅಥವಾ ಇದ್ದಕ್ಕಿದ್ದಂತೆ ಒಂದೇ ಬದಿಯ ಕೈಕಾಲು ಸೋತರೆ, ಬೆಳಗಿನವರೆಗೆ ಕಾಯದೆ 108ಕ್ಕೆ ಕರೆ ಮಾಡಿ.