ಪಿನ್ ಮರ್ತೋಯ್ತು ಅಂತ ಬರುವವರು: ಬ್ಯಾಂಕ್ ಕೌಂಟರಿನಲ್ಲಿ ನನ್ನ ಅನುಭವ

"ಪಿನ್ ಮರ್ತೋಯ್ತು ಮೇಡಮ್ಮಾ" ಅಂತ ಬರುವವರಿಗೆ ನಾನು ಮೊದಲು ಕೇಳುವುದು ಒಂದೇ ಮಾತು. ಆ ಪಿನ್ ಹಾಕಿದ್ದು ಯಾರು? ಮಗ ಅನ್ನುತ್ತಾರೆ, ಅಳಿಯ ಅನ್ನುತ್ತಾರೆ, ಪಕ್ಕದ ಮನೆ ಹುಡುಗ ಅನ್ನುತ್ತಾರೆ, ಮೊಬೈಲ್ ಅಂಗಡಿಯವನು ಅನ್ನುವವರೂ ಇದ್ದಾರೆ. "ನಾನೇ" ಅನ್ನುವವರು ಕಡಿಮೆ. ಬೇರೆಯವರು ಹಾಕಿಕೊಟ್ಟ ನಂಬರ್ ಇವರ ತಲೆಯಲ್ಲಿ ಯಾವತ್ತೂ ಇರಲಿಲ್ಲ, ಇನ್ನು ಮರೆಯುವುದೆಲ್ಲಿಂದ ಬಂತು? ಹಾಗಾಗಿ ನಾನು ಮಾಡುವ ಕೆಲಸವೆಲ್ಲ, ಆ ನಂಬರ್ ಅವರದ್ದೇ ಆಗುವ ಹಾಗೆ ಮಾಡುವುದು. ಮಿಕ್ಕಿದ್ದು ಬರೀ ಬಟನ್ ಒತ್ತುವ ಕೆಲಸ.

ನಮ್ಮದು ತುಮಕೂರು ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆ. ಸುತ್ತಲೂ ಕಡಲೆಕಾಯಿ, ರಾಗಿ, ಅಲ್ಲಲ್ಲಿ ಅಡಿಕೆ. ಪಿಂಚಣಿ ಬೀಳುವ ವಾರ, ಗೃಹಲಕ್ಷ್ಮಿ ಹಣ ಬಂತು ಅಂತ ಸುದ್ದಿ ಹಬ್ಬಿದ ದಿನ, ಸಂತೆ ದಿನ, ಈ ಮೂರು ಹೊತ್ತಲ್ಲಿ ಜನ ಜಾಸ್ತಿ. 2014ರಲ್ಲಿ ಜನಧನ್ ಖಾತೆ ತೆರೆದಾಗ ಕೊಟ್ಟ ರುಪೇ ಕಾರ್ಡನ್ನು ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಇಟ್ಟವರು, 2023ರ ಆಗಸ್ಟಿನಿಂದ ತಿಂಗಳಿಗೆ ಎರಡು ಸಾವಿರದ ಹಣ ಶುರುವಾದ ಮೇಲೆ ಒಬ್ಬೊಬ್ಬರಾಗಿ ಈಚೆ ತೆಗೆದರು. ಅದರಲ್ಲಿ ಎಷ್ಟೋ ಕಾರ್ಡುಗಳ ಅವಧಿಯೇ ಮುಗಿದಿತ್ತು!

ಇನ್ನೊಂದು ಗೋಜಲು ಇದೆ. ನಮ್ಮ ಕಡೆ ಎಲ್ಲವೂ "ಪಿನ್ನೇ". ಎಟಿಎಂ ಪಿನ್, ಯುಪಿಐ ಪಿನ್, ಫೋನಿನ ಲಾಕ್, ಆ್ಯಪ್ ತೆರೆಯುವ ಲಾಕ್, ಕೊನೆಗೆ ಒಟಿಪಿ ಕೂಡ. ಅದಕ್ಕೇ ಯಾವ ಪಿನ್ ಅಂತ ಕೇಳಿ ಪ್ರಯೋಜನವಿಲ್ಲ. "ಎಲ್ಲಿ ಕೇಳ್ತಿದೆ, ತೋರಿಸಿ" ಅನ್ನುತ್ತೇನೆ. ಎಷ್ಟೋ ಸಲ ಅಲ್ಲೇ ಗಂಟು ಬಿಚ್ಚಿಕೊಳ್ಳುತ್ತದೆ. ಫೋನ್ ಲಾಕ್ ತೆಗೆಯುವ ನಂಬರನ್ನು ಯುಪಿಐ ಪರದೆಯಲ್ಲಿ ಹಾಕುತ್ತಿರುತ್ತಾರೆ, ಇಲ್ಲವೇ ಎಟಿಎಂನ ನಾಲ್ಕು ಅಂಕಿಯನ್ನು ಆರು ಅಂಕಿಯ ಜಾಗದಲ್ಲಿ ಹಾಕಿ "ತಗೊಳ್ತಾನೇ ಇಲ್ಲ" ಅಂತ ಬೈಯುತ್ತಿರುತ್ತಾರೆ.

ಪಿನ್ ಮರೆತವರು ಒಂಥರಾ ಗಾಬರಿಯಲ್ಲಿ ಬರುತ್ತಾರೆ. ದುಡ್ಡೇ ಹೋಯ್ತು ಅನ್ನುವ ಹಾಗೆ. ಆ ಹೊತ್ತಲ್ಲಿ ಏನು ಹೇಳಿಕೊಟ್ಟರೂ ತಲೆಗೆ ಹೋಗುವುದಿಲ್ಲ. ಅದಕ್ಕೆ ನಾನು ಮೊದಲು ಪಾಸ್‌ಬುಕ್ ಇಸಕೊಂಡು, ವಿತ್‌ಡ್ರಾವಲ್ ಚೀಟಿ ಬರೆಸಿ, ಅವತ್ತಿಗೆ ಬೇಕಾದ ದುಡ್ಡು ಕೈಗೆ ಕೊಡಿಸುತ್ತೇನೆ. ದುಡ್ಡು ಸೊಂಟದ ಚೀಲಕ್ಕೆ ಹೋದ ಮೇಲೆ ಮುಖ ಸಡಿಲವಾಗುತ್ತದೆ. ಆಮೇಲೆ ಕಾರ್ಡಿನ ಮಾತು. ಸಾಮಾನ್ಯವಾಗಿ ಮೂರು ಸಲ ತಪ್ಪು ಪಿನ್ ಹೊಡೆದರೆ ಆ ದಿನಕ್ಕೆ ಕಾರ್ಡ್ ಲಾಕ್ ಆಗುತ್ತದೆ, ಮಾರನೇ ದಿನ ತಾನಾಗೇ ತೆರೆದುಕೊಳ್ಳುತ್ತದೆ. ಇದನ್ನು ಹೇಳಿದರೆ ಅರ್ಧ ಜನ ನಿಟ್ಟುಸಿರು ಬಿಡುತ್ತಾರೆ. ಎರಡು ಸಲ ತಪ್ಪಿದ್ದರೆ ಮೂರನೆಯದನ್ನು ಸುಮ್ನೆ ಊಹೆಯಲ್ಲಿ ಹೊಡೆಯಬೇಡಿ, ನೇರವಾಗಿ ಹೊಸ ಪಿನ್ ಮಾಡಿಸಿ ಅನ್ನುವುದು ನನ್ನ ಕಟ್ಟುನಿಟ್ಟು.

ಹೊಸ ಪಿನ್ ಮಾಡುವುದು ಹತ್ತು ನಿಮಿಷದ ಕೆಲಸ, ಒಟಿಪಿ ಬಂದರೆ. ಬರದಿದ್ದರೆ ಶುರುವಾಗುತ್ತದೆ ನೋಡಿ ನಿಜವಾದ ಪಡಿಪಾಟಲು. ಖಾತೆಗೆ ಕೊಟ್ಟ ಮೊಬೈಲ್ ನಂಬರ್ ಯಾರದ್ದು ಅಂತ ಕೇಳಿದರೆ ಒಬ್ಬರು ಹಳೇ ಅಳಿಯನದ್ದು ಅನ್ನುತ್ತಾರೆ, ಇನ್ನೊಬ್ಬರು ಆ ಸಿಮ್ ಇದ್ದ ಫೋನ್ ಬಾವಿಗೆ ಬಿತ್ತು ಅನ್ನುತ್ತಾರೆ. ತಿಂಗಳುಗಟ್ಟಲೆ ರೀಚಾರ್ಜೂ ಇಲ್ಲ, ಬಳಕೆಯೂ ಇಲ್ಲ ಅಂದರೆ ಸಿಮ್ ಬಂದ್ ಆಗುತ್ತದೆ, ಸ್ವಲ್ಪ ಕಾಲದ ನಂತರ ಅದೇ ನಂಬರನ್ನು ಕಂಪನಿ ಬೇರೆ ಯಾರಿಗೋ ಕೊಡುತ್ತದೆ. ಅಂದರೆ ನಮ್ಮ ಅಜ್ಜಿಯ ಒಟಿಪಿ ಯಾವುದೋ ಊರಿನ ಯಾವನೋ ಹುಡುಗನ ಫೋನಿಗೆ ಹೋಗಿ ಬೀಳುತ್ತಿರುತ್ತದೆ! ಹಾಗಾಗಿ ಯಾರು ಯಾವ ಕೆಲಸಕ್ಕೆ ಬಂದರೂ, ಪಾಸ್‌ಬುಕ್ ಎಂಟ್ರಿಗೆ ಬಂದರೂ ಸರಿ, "ನಿಮ್ಮ ನಂಬರ್ ಇದೇನಾ?" ಅಂತ ಕೊನೆಯ ನಾಲ್ಕು ಅಂಕಿ ಓದಿ ಕೇಳುವ ಅಭ್ಯಾಸ ಮಾಡಿಕೊಂಡಿದ್ದೇನೆ. ಬದಲಾಗಿದ್ದರೆ ಅವತ್ತೇ ಫಾರಂ, ಆಧಾರ್ ಪ್ರತಿ, ಸಹಿ. ಪಿನ್ ಮರೆತ ದಿನ ನಂಬರ್ ಬದಲಿಸಲು ಓಡಾಡುವುದಕ್ಕಿಂತ ಇದು ವಾಸಿ.

ಎಟಿಎಂ ಒಳಗೆ ನಾನು ಮಾಡುವ ರೀತಿ ಹೇಳುತ್ತೇನೆ. ಮೊದಲು ಭಾಷೆ ಕನ್ನಡ. ಇದನ್ನು ಬಿಟ್ಟವರೇ ಜಾಸ್ತಿ. ಆಮೇಲೆ ಅವರ ಫೋನಿನ ಮೆಸೇಜ್ ಪೆಟ್ಟಿಗೆ ತೆರೆಸಿ ನೋಡುತ್ತೇನೆ. ರೀಚಾರ್ಜ್ ಆಫರ್, ಲೋನ್ ಆಫರ್ ತುಂಬಿ ತುಳುಕುತ್ತಿರುತ್ತದೆ, ಅದರ ನಡುವೆ ಒಟಿಪಿ ಹುಡುಕುವಷ್ಟರಲ್ಲಿ ಮೆಷಿನ್ ತಾಳ್ಮೆ ಕಳೆದುಕೊಂಡು ಕಾರ್ಡ್ ಉಗುಳಿರುತ್ತದೆ. ಅದಕ್ಕೇ ಹಳೇ ಮೆಸೇಜುಗಳನ್ನು ಮೊದಲೇ ಅಳಿಸಿಸುತ್ತೇನೆ. ಒಟಿಪಿ ಬಂದ ತಕ್ಷಣ ಅದನ್ನು ಅವರೇ ಒಂದು ಚೀಟಿ ಮೇಲೆ ದೊಡ್ಡದಾಗಿ ಬರೆದುಕೊಳ್ಳಬೇಕು, ಚೀಟಿ ನೋಡಿ ಒತ್ತಬೇಕು. ಅದು ಒಂದೇ ಸಲಕ್ಕೆ ಮುಗಿಯುವ ನಂಬರ್, ಚೀಟಿ ಹರಿದುಹಾಕಿದರೆ ಆಯ್ತು. ಹೊಸ ಪಿನ್ ಕೇಳುವ ಪರದೆ ಬಂದ ಕೂಡಲೇ ನಾನು ಬಾಗಿಲ ಕಡೆ ತಿರುಗಿ ನಿಲ್ಲುತ್ತೇನೆ. ಜೊತೆಗೆ ಬಂದ ಮಗನನ್ನೂ ಆಚೆ ಕಳಿಸುತ್ತೇನೆ. ಎಷ್ಟೋ ಹುಡುಗರಿಗೆ ಸಿಟ್ಟು ಬರುತ್ತದೆ, "ನಮ್ಮಮ್ಮನ ಹತ್ರ ನಂಗೇನು ಮುಚ್ಚುಮರೆ ಮೇಡಂ" ಅನ್ನುತ್ತಾರೆ. "ಬ್ಯಾಂಕಿನ ರೂಲ್ಸು ಕಣಪ್ಪ" ಅಂದುಬಿಡುತ್ತೇನೆ. ರೂಲ್ಸಿನ ಮೇಲೆ ಹಾಕಿದರೆ ಮನೆಯಲ್ಲಿ ಜಗಳ ಆಗುವುದಿಲ್ಲ. ಆ ತಾಯಿ ಕೂಡ ಒಂದು ಕ್ಷಣ ಮಗನ ಬೆನ್ನು ನೋಡಿ, ನನ್ನ ಬೆನ್ನು ನೋಡಿ, ಆಮೇಲೆ ಒತ್ತುತ್ತಾರೆ.

ರೂಲ್ಸು ಅನ್ನುವುದು ಬರೀ ನೆಪ ಅಲ್ಲ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಪ್ರಕಾರ, ಗ್ರಾಹಕರೇ ತಮ್ಮ ಗುಟ್ಟಿನ ನಂಬರ್ ಹಂಚಿಕೊಂಡು ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ಗ್ರಾಹಕರದ್ದೇ. ತಿಳಿಸಿದ ಮೇಲೆ ಆಗುವ ನಷ್ಟ ಮಾತ್ರ ಬ್ಯಾಂಕಿನದ್ದು.

ಯಾವ ನಂಬರ್ ಇಡಬೇಕು ಅನ್ನುವುದು ದೊಡ್ಡ ಕತೆ. ನಾನು ಉದಾಹರಣೆ ಹೇಳುವುದೇ ಇಲ್ಲ. ಹೇಳಿದರೆ ಅದನ್ನೇ ಹಾಕಿಬಿಡುತ್ತಾರೆ! ಹುಟ್ಟಿದ ವರ್ಷ ಬೇಡ ಅನ್ನುತ್ತೇನೆ, ಯಾಕೆಂದರೆ ಕಾರ್ಡ್ ಇರುವ ಪರ್ಸಿನಲ್ಲೇ ಆಧಾರ್ ಕಾರ್ಡೂ ಇರುತ್ತದೆ, ಅದರ ಮೇಲೆ ಅಚ್ಚಾಗಿರುತ್ತದೆ. 1234 ಬೇಡ. ಸೋರಿಹೋದ ಪಾಸ್‌ವರ್ಡುಗಳಿಂದ ನಾಲ್ಕಂಕಿಯವನ್ನು ಆರಿಸಿ 2012ರಲ್ಲಿ ಒಬ್ಬರು ಲೆಕ್ಕ ಹಾಕಿದ್ದರು. ಸುಮಾರು 34 ಲಕ್ಷ ನಂಬರುಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಜಾಸ್ತಿ 1234 ಒಂದೇ. ಕಳ್ಳ ಮೊದಲು ಒತ್ತುವುದು ಯಾವುದು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ಒಬ್ಬರು ಹಾಲಿನ ಡೇರಿ ನಂಬರ್ ಇಡುತ್ತೇನೆ ಅಂದರು. ಅವರ ಪಕ್ಕದಲ್ಲಿ ನಿಂತಿದ್ದ ಹೆಂಗಸೇ ನಕ್ಕು, "ಅಯ್ಯೋ, ಅದನ್ನ ದಿನಾ ಎರಡು ಹೊತ್ತು ಕೂಗ್ತಾರಲ್ಲೇ, ಇಡೀ ಊರಿಗೇ ಗೊತ್ತು" ಅಂದರು. ಸರಿಯಾಗೇ ಹೇಳಿದರು. ಯಾರೂ ಕೂಗದ, ಯಾವ ಕಾಗದದ ಮೇಲೂ ಇರದ, ಆದರೆ ನಿಮಗೆ ಹಳೆಯದಾದ ಒಂದು ನಂಬರ್ ನೆನೆಸಿಕೊಳ್ಳಿ, ನನಗೆ ಹೇಳಬೇಡಿ ಅಂತಷ್ಟೇ ನಾನು ಹೇಳುವುದು. ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಪ್ರತಿಯೊಬ್ಬರಿಗೂ ಒಂದು ಸಿಗುತ್ತದೆ.

ನಾಲ್ಕೇ ಅಂಕಿ ಯಾಕೆ ಅನ್ನುವುದಕ್ಕೂ ಒಂದು ಮಜಾ ಇದೆ. 1967ರಲ್ಲಿ ಲಂಡನ್ನಿನ ಎನ್‌ಫೀಲ್ಡಿನಲ್ಲಿ ಶುರುವಾದ ಎಟಿಎಂನ ಹಿಂದೆ ಇದ್ದವರು ಜಾನ್ ಶೆಫರ್ಡ್-ಬ್ಯಾರನ್. ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆರು ಅಂಕಿ ಇಡೋಣ ಅಂದುಕೊಂಡಿದ್ದರಂತೆ, ಹೆಂಡತಿ ತನಗೆ ನಾಲ್ಕಕ್ಕಿಂತ ಜಾಸ್ತಿ ನೆನಪಿರಲ್ಲ ಅಂದರಂತೆ, ಅಷ್ಟಕ್ಕೇ ನಿಂತಿತು ಅಂತ ಅವರೇ ಹೇಳಿಕೊಂಡಿದ್ದರು. ಆ ಯಮ್ಮನಿಗೆ ನಮ್ಮ ಊರಿನ ಪರವಾಗಿ ಒಂದು ನಮಸ್ಕಾರ.

ನಂಬರನ್ನು ತಲೆಯಲ್ಲಿ ಇಟ್ಟುಕೊಳ್ಳದವರೂ ಇದ್ದಾರೆ, ಅವರ ಬೆರಳಲ್ಲಿ ಇರುತ್ತದೆ. ಕಡಲೆಕಾಯಿ ಬೆಳೆಯುವ ಒಬ್ಬ ಅಜ್ಜಿ ಎಟಿಎಂನಲ್ಲಿ ಯಾವತ್ತೂ ತಪ್ಪು ಮಾಡಿದವರಲ್ಲ. ಗೊಬ್ಬರದ ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಮೂರು ಸಲವೂ ತಪ್ಪಾಗಿ ಕಾರ್ಡ್ ಲಾಕ್. ನಂಬರ್ ನೆನಪಿದೆಯಾ ಅಂತ ಕೇಳಿದರೆ, "ನಂಬರ್ ನಂಗೇನು ಗೊತ್ತು ಕಣಮ್ಮ, ಕೈಗೆ ಗೊತ್ತು" ಅಂತ ಕೌಂಟರಿನ ಮರದ ಮೇಲೆ ಮೇಲಿಂದ ಕೆಳಕ್ಕೆ, ಆಮೇಲೆ ಪಕ್ಕಕ್ಕೆ ಬೆರಳು ಆಡಿಸಿ ತೋರಿಸಲು ಹೊರಟರು. "ತೋರಿಸಬೇಡಿ ಅಜ್ಜೀ" ಅಂತ ನಾನು ಬೇರೆ ಕಡೆ ನೋಡಿದೆ. ಅಂಗಡಿಯಲ್ಲಿ ಇದ್ದದ್ದು ಹೊಸ ಟಚ್ ಮೆಷಿನ್. ಅಂಥ ಕೆಲವು ಮೆಷಿನ್ನುಗಳಲ್ಲಿ ಪಕ್ಕದವರು ಕದ್ದು ನೋಡಬಾರದು ಅಂತ ಅಂಕಿಗಳ ಜಾಗವನ್ನೇ ಪ್ರತಿ ಸಲ ಕಲಸಿಬಿಡುತ್ತಾರೆ. ಅಜ್ಜಿಯ ಬೆರಳು ಹೋಗಬೇಕಾದ ಕಡೆಗೇ ಹೋಗಿದೆ, ಅಲ್ಲಿ ಅಂಕಿ ಬೇರೆ ಇತ್ತು. ಇಂಥವರಿಗೆ ಪಿನ್ ಬದಲಿಸುವ ಅಗತ್ಯವೇ ಇಲ್ಲ. ಬೆರಳು ಹೋಗುವ ದಾರಿಯಲ್ಲಿ ಯಾವ ಅಂಕಿ ಸಿಗುತ್ತದೆ ಅಂತ ಒಂದು ಸಲ ಅವರಿಗೇ ಓದಿಸಿ, ಬಾಯಲ್ಲಿ ಮೆಲ್ಲಗೆ ಹೇಳಿಸಿದರೆ ಸಾಕು. ಎಟಿಎಂನಲ್ಲೂ ಫೋನಿನಲ್ಲೂ 1 ಮೇಲಿನ ಸಾಲಿನಲ್ಲಿ ಇರುತ್ತದೆ, ಕ್ಯಾಲ್ಕುಲೇಟರಿನಲ್ಲಿ ಕೆಳಗಿರುತ್ತದೆ. ನಮ್ಮ ಟೇಬಲ್ ಮೇಲಿನ ಕ್ಯಾಲ್ಕುಲೇಟರ್ ಕೊಟ್ಟು ಅಭ್ಯಾಸ ಮಾಡಿಸಿದರೆ ಕೆಲಸ ಕೆಟ್ಟಿತು ಅಂತಲೇ.

ಬರೆದಿಡಬಾರದು ಅಂತ ಬ್ಯಾಂಕಿನ ಬೋರ್ಡಿನಲ್ಲಿದೆ. ಜನ ಬರೆದಿಡುತ್ತಾರೆ. ಕಾರ್ಡಿನ ಬೆನ್ನ ಮೇಲೆ ಮಾರ್ಕರಿನಲ್ಲಿ, ಪಾಸ್‌ಬುಕ್ಕಿನ ಕೊನೇ ಪುಟದಲ್ಲಿ, ಫೋನಿನಲ್ಲಿ "ಎಟಿಎಂ" ಅಂತ ಹೆಸರಿಟ್ಟು. ಕಾರ್ಡಿನ ಮೇಲಿದ್ದರೆ ನನ್ನ ಹತ್ತಿರವೇ ಸ್ಪಿರಿಟ್ ಹತ್ತಿ ಇದೆ, ಅಲ್ಲೇ ಒರೆಸಿಕೊಡುತ್ತೇನೆ. ಬರೆಯಲೇಬೇಕು ಅಂತ ಹಟ ಹಿಡಿದವರಿಗೆ, ಕಾರ್ಡ್ ಇರುವ ಚೀಲದಲ್ಲಿ ಬೇಡ, ಮನೆಯಲ್ಲಿರಲಿ ಅಂತಷ್ಟೇ ಹೇಳುತ್ತೇನೆ. ಬ್ಯಾಂಕಿನವರು ಇದನ್ನು ಓದಿದರೆ ಹುಬ್ಬು ಗಂಟಿಕ್ಕಬಹುದು. ಆದರೆ ಬರೆಯಬೇಡಿ ಅಂದರೆ ನನ್ನ ಎದುರಿಗೆ ತಲೆ ಆಡಿಸಿ, ಬಸ್ ಸ್ಟ್ಯಾಂಡಿನಲ್ಲಿ ಪೆನ್ನು ಕೇಳಿ ಕಾರ್ಡಿನ ಮೇಲೇ ಬರೆಯುತ್ತಾರೆ.

ಎಟಿಎಂ ಬಾಗಿಲಲ್ಲಿ "ನಾನು ತೆಗೆದುಕೊಡ್ಲಾ ಅಜ್ಜಿ" ಅಂತ ನಿಲ್ಲುವವರ ಬಗ್ಗೆ ಹೇಳದಿದ್ದರೆ ಆಗದು. ಪಿನ್ ಕೇಳುತ್ತಾರೆ, ದುಡ್ಡು ತೆಗೆದೂ ಕೊಡುತ್ತಾರೆ, ವಾಪಸ್ ಕೊಡುವಾಗ ಅದೇ ಬಣ್ಣದ ಬೇರೆ ಕಾರ್ಡ್ ಕೈಗಿಡುತ್ತಾರೆ. ತಕ್ಷಣ ಸಿಗುವ ಕಾರ್ಡುಗಳಲ್ಲಿ ಎಷ್ಟೋ ಸಲ ಹೆಸರೇ ಇರುವುದಿಲ್ಲ, ಬದಲಾದದ್ದು ಗೊತ್ತೂ ಆಗುವುದಿಲ್ಲ. ಅದಕ್ಕೆ ನಾನು ಕಾರ್ಡ್ ಕೊಡುವಾಗಲೇ ಮೂಲೆಯಲ್ಲಿ ಉಗುರು ಬಣ್ಣದ ಒಂದು ಚುಕ್ಕೆ ಇಡಿಸುತ್ತೇನೆ. ಯಾವ ಬಣ್ಣ ಅಂತ ಅವರೇ ಆರಿಸಲಿ. ಓದು ಬರದಿದ್ದರೂ ತನ್ನ ಚುಕ್ಕೆ ಗುರುತಿಸುತ್ತಾರೆ.

ಯುಪಿಐ ಕಡೆ ಕೆಲಸ ಸಲೀಸು. ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಇದ್ದರೆ ಹೊಸ ಪಿನ್ ಆಗುತ್ತದೆ, ಕಾರ್ಡ್ ಇಲ್ಲದವರಿಗೆ ಹಲವು ಬ್ಯಾಂಕುಗಳಲ್ಲಿ ಆಧಾರ್ ಒಟಿಪಿ ದಾರಿ ಇದೆ. ಹೇಳಬೇಕಾದ್ದು ಇನ್ನೊಂದು. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. "ದುಡ್ಡು ಕಳಿಸಿದ್ದೀನಿ, ಪಿನ್ ಒತ್ತಿ" ಅಂದವನು ಕಳ್ಳ. ಪಿನ್ ಮರೆತು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿ ಸಿಕ್ಕಿಬಿದ್ದವರು ಓದಿದವರೇ ಜಾಸ್ತಿ. ಕಾರ್ಡಿನ ಹಿಂದೆ ಅಚ್ಚಾದ ನಂಬರ್ ಬಿಟ್ಟು ಬೇರೆ ಯಾವುದಕ್ಕೂ ಮಾಡಬೇಡಿ, ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ, ಆಮೇಲೆ ಅಳೋಣ ಅನ್ನುತ್ತೇನೆ.

ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಮರೆಯುವ ಮೇಷ್ಟ್ರುಗಳು, ನೌಕರರು ಬೇರೆ ಜಾತಿ. ಅವರಿಗೆ ಪರದೆ ಮೇಲಿನ "ಫರ್ಗಾಟ್" ಒತ್ತಲು ನಾಚಿಕೆ, ನಾವೇ ಒಳಗಿಂದ ನೋಡಿ ಹೇಳಬೇಕು ಅನ್ನುತ್ತಾರೆ. ನಮಗೂ ಕಾಣುವುದಿಲ್ಲ ಅಂದರೆ ನಂಬುವುದಿಲ್ಲ. ಇ-ಆಧಾರ್ ಫೈಲ್ ತೆರೆಯುತ್ತಿಲ್ಲ ಅಂತ ಬರುವವರೂ ಇವರೇ. ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೆಸರಿನ ಮೊದಲ ನಾಲ್ಕು ಅಕ್ಷರ, ಪಕ್ಕದಲ್ಲಿ ಹುಟ್ಟಿದ ವರ್ಷ, ಅಷ್ಟೇ ಸಾರ್.

ಹೊಸ ಪಿನ್ ಆದ ದಿನವೇ ನೂರು ರೂಪಾಯಿ ತೆಗೆಸುತ್ತೇನೆ, ನಾಲ್ಕಾರು ದಿನ ಬಿಟ್ಟು ಸಂತೆಗೆ ಬಂದಾಗ ಇನ್ನೊಂದು ಸಲ. ಎರಡನೇ ಸಲ ತಾವೇ ತೆಗೆದವರು ಮತ್ತೆ ಕೌಂಟರಿಗೆ ಬರುವುದು ಅಪರೂಪ.

ಕೆಲವರಿಗೆ ಇದ್ಯಾವುದೂ ಒಗ್ಗುವುದಿಲ್ಲ. ಬೆರಳಚ್ಚು ಕೊಟ್ಟು ಬ್ಯಾಂಕ್ ಮಿತ್ರರ (ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವವರು) ಹತ್ತಿರ ತೆಗೆಯೋಣ ಅಂದರೆ ಕಾಯಿ ಬಿಡಿಸಿ ಬಿಡಿಸಿ ರೇಖೆಯೇ ಸವೆದಿರುತ್ತದೆ. ಅಂಥವರು ಬಾಯಿಬಿಟ್ಟು "ಈ ಕಾರ್ಡ್ ನಂಗೆ ಬ್ಯಾಡ" ಅಂದರೆ ನಾನು ಒಲಿಸಲು ಹೋಗುವುದಿಲ್ಲ. ಕಾರ್ಡ್ ಬಂದ್ ಮಾಡುವ ಫಾರಂ ಕೊಡುತ್ತೇನೆ, ಕಾರ್ಡನ್ನು ಅವರ ಎದುರೇ ಕತ್ತರಿಸುತ್ತೇನೆ. ಕಾರ್ಡುಗಳ ಟಾರ್ಗೆಟ್ ಇರುವ ನಮ್ಮ ಮ್ಯಾನೇಜರಿಗೆ ಇದು ಅಷ್ಟಕ್ಕಷ್ಟೇ. ಪಾಸ್‌ಬುಕ್ಕು, ಚೀಟಿ, ಸಾಲಿನಲ್ಲಿ ಅರ್ಧ ಗಂಟೆ ಕಾಯುವುದು, ಅಷ್ಟೇ ಸಾಕು ಅನ್ನುವವರಿಗೆ ನಾನ್ಯಾಕೆ ಬೇಡ ಅನ್ನಲಿ.