ಮರಿಗಳನ್ನೇ ಬೇರೆ ಜಾತಿ ಎಂದು ಬರೆದಿದ್ದೆ

ಹಾಸನದ ಸುತ್ತ ಚಿಪ್ಪಿನ ಪಳೆಯುಳಿಕೆ ಹುಡುಕಿದರೆ ಸಿಗುವುದಿಲ್ಲ. ನಮ್ಮ ಬಂಡೆಗಳಿಗೆ 300 ಕೋಟಿ ವರ್ಷದಷ್ಟು ವಯಸ್ಸು. ಚಿಪ್ಪಿನ ಪ್ರಾಣಿಗಳು ಬಂದದ್ದು ಸುಮಾರು 54 ಕೋಟಿ ವರ್ಷದ ಈಚೆಗೆ. ಅದಕ್ಕೇ ತಮಿಳುನಾಡಿನ ಅರಿಯಲೂರಿಗೆ ಹೋದೆ. ಅಲ್ಲಿ ಸುಮಾರು 7 ಕೋಟಿ ವರ್ಷದ ಹಿಂದೆ ಸಮುದ್ರವಿತ್ತು. ವಾಪಸ್ ಬರುವಾಗ ಬ್ಯಾಗಿನಲ್ಲಿ ಬಟ್ಟೆಗಿಂತ ಮಣ್ಣೇ ಜಾಸ್ತಿ.

ದೊಡ್ಡ ಚಿಪ್ಪುಗಳು ಅಷ್ಟು ಕಾಡಲಿಲ್ಲ. ಗ್ರೈಫಿಯಾ ಎಂಬ ಹಳೆಯ ಕಾಲದ ಸಿಂಪಿಯ ಒಂದು ಹೋಳು ಬಟ್ಟಲಿನಂತೆ ಬಾಗಿರುತ್ತದೆ, ಇನ್ನೊಂದು ಮುಚ್ಚಳದಂತೆ ಚಪ್ಪಟೆ. ಒಂದನ್ನು ಹೊಳಪಾಗಲಿ ಅಂತ ವಿನೆಗರ್‌ನಲ್ಲಿ ನೆನೆಸಿ ಹಾಳು ಮಾಡಿದೆ. ಚಿಪ್ಪೆಂದರೆ ಸುಣ್ಣ ಅಲ್ವಾ, ಹುಳಿಗೆ ಕರಗದೆ ಇರುತ್ತದೆಯೇ?

ಕಾಡಿದ್ದು ಆಸ್ಟ್ರಕೋಡ್. ಇದು ಸೀಗಡಿಯ ದೂರದ ನೆಂಟ. ಬಹುಪಾಲು ಒಂದು ಮಿಲಿಮೀಟರ್ ಆಸುಪಾಸು, ಮೈಮೇಲೆ ಜೋಡಿ ಚಿಪ್ಪು. ಮಣ್ಣನ್ನು ರಾತ್ರಿಯಿಡೀ ವಾಷಿಂಗ್ ಸೋಡಾ ನೀರಲ್ಲಿ ನೆನೆಸಿ, 63 ಮೈಕ್ರಾನ್ ಜರಡಿಯಲ್ಲಿ ತೊಳೆದು ಒಣಗಿಸಿದೆ. ಆಮೇಲೆ ಮೈಕ್ರೋಸ್ಕೋಪಿನಡಿ ಹರಡಿ, ಒದ್ದೆ ಬ್ರಷ್ಷಿನ ತುದಿಯಿಂದ ಒಂದೊಂದೇ ಆರಿಸಿದೆ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಆದರೆ ಉಸಿರು ಬಿಟ್ಟರೂ ಹಾರಿಹೋಗುತ್ತವೆ.

ಕೀಲಿರುವ ಅಂಚು ಬೆನ್ನು. ಒಳಗೆ ಸ್ನಾಯು ಅಂಟಿದ್ದ ಗುರುತು ಸಾಮಾನ್ಯವಾಗಿ ನಡುವಿಗಿಂತ ತುಸು ಮುಂದಿರುತ್ತದೆ. ಇಷ್ಟು ಸಿಕ್ಕರೆ ಎಡ ಯಾವುದು, ಬಲ ಯಾವುದು ಎಂದು ಹೇಳಬಹುದು. ಆಮೇಲೆ ಉದ್ದ, ಎತ್ತರ, ಮೈಮೇಲಿನ ಗುಳಿ, ಗೆರೆ.

ಹೀಗೆ ಬರೆದು ಐದು ಜಾತಿ ಮಾಡಿದೆ. ಹೆಮ್ಮೆಯೋ ಹೆಮ್ಮೆ!

ಒಂದು ದಿನ ಸುಮ್ನೆ ನಮ್ಮ ಗದ್ದೆಯ ನೀರನ್ನು ಲೋಟದಲ್ಲಿ ತಂದು ನೋಡಿದೆ. ಅದರಲ್ಲಿ ಜೀವಂತ ಆಸ್ಟ್ರಕೋಡ್‌ಗಳಿದ್ದವು, ನುಣ್ಣಗೆ, ಅವರೆಕಾಳಿನ ಆಕಾರ. ಸಣ್ಣವು, ದೊಡ್ಡವು, ನಡುವಿನವು, ಎಲ್ಲ ಒಂದೇ ಸಂಸಾರ. ಆಗ ಎದೆ ಧಸಕ್ಕೆಂದಿತು. ಇವು ಬೆಳೆಯುವಾಗ ಹಳೆ ಚಿಪ್ಪು ಕಳಚುತ್ತವೆ, ಬಹಳಷ್ಟು ಜಾತಿಗಳಲ್ಲಿ 8 ಸಲ. ಪ್ರತಿ ಸಲವೂ ಉದ್ದ ಹೆಚ್ಚುಕಡಿಮೆ ಕಾಲು ಭಾಗ ಏರುತ್ತದೆ. ಕಳಚಿದ ಚಿಪ್ಪೂ ಪಳೆಯುಳಿಕೆಯಾಗಬಹುದು.

ಮತ್ತೆ ಅಳೆದೆ. ನನ್ನ ಮೂರು 'ಜಾತಿ'ಗಳ ಉದ್ದ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಕೂತಿತು. ಚಿಕ್ಕವುಗಳ ಚಿಪ್ಪು ತೆಳು, ಕೀಲೂ ಸರಳ. ಎಲ್ಲ ಮರಿಗಳೇ! ಐದು ಹೋಗಿ ಮೂರಾಯಿತು. ಅದರಲ್ಲೂ ಒಂದಕ್ಕೆ ಮುರಿದ ಒಂದೇ ಚಿಪ್ಪಿದೆ. ಅದರ ಚೀಟಿಯ ಮೇಲೆ ಜಾಗ, ಪದರ, ತಾರೀಕು ಮಾತ್ರ ಬರೆದಿದ್ದೇನೆ.