ಹಳೆಯ ಒಣ ಪದಾರ್ಥಗಳನ್ನು ನಾನು ಪರೀಕ್ಷಿಸುವ ಬಗೆ

ಡಬ್ಬಗಳಲ್ಲಿ ಬಹುಕಾಲ ಉಳಿದ ಕಾಳು, ಹಿಟ್ಟು, ಮಸಾಲೆ, ಒಣಹಣ್ಣುಗಳನ್ನು ತೆಗೆದು ನೋಡುವಾಗ ಪೊಟ್ಟಣದ ಮೇಲಿನ ದಿನಾಂಕವನ್ನು ನಾನು ಗಮನಿಸುತ್ತೇನಾದರೂ ತೀರ್ಮಾನವನ್ನು ಅದಕ್ಕೇ ಬಿಡುವುದಿಲ್ಲ. ‘ಬೆಸ್ಟ್ ಬಿಫೋರ್’ ದಿನಾಂಕವು ರುಚಿ, ಪರಿಮಳಗಳು ಚೆನ್ನಾಗಿರುವ ಅವಧಿಯನ್ನು ಸೂಚಿಸುತ್ತದೆಯೇ ಹೊರತು, ಅದು ಕಳೆದ ಮರುದಿನವೇ ಪದಾರ್ಥ ಕೆಡುತ್ತದೆ ಎಂದಲ್ಲ. ಒಳಗೆ ತೇವ ಸೇರಿದೆಯೇ, ಎಣ್ಣೆಯಂಶ ಕೆಟ್ಟಿದೆಯೇ, ಅಥವಾ ಬರೀ ಘಮ ಹೋಗಿದೆಯೇ ಎಂಬುದನ್ನು ನಾನು ಬೇರೆಬೇರೆಯಾಗಿ ನೋಡುತ್ತೇನೆ.

ತೇವದ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಹಿಟ್ಟು ಗಂಟುಗಟ್ಟಿ ಡಬ್ಬದ ಗೋಡೆಗೆ ಅಂಟಿದ್ದರೆ, ಮುಚ್ಚಳ ತೆಗೆದೊಡನೆ ಮುಗ್ಗಲು ವಾಸನೆ ಬಂದರೆ, ಇಡೀ ಡಬ್ಬವನ್ನೇ ಖಾಲಿ ಮಾಡುತ್ತೇನೆ. ಆಸ್ಪರ್ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಕಡಲೆಕಾಯಿ, ಮೆಕ್ಕೆಜೋಳ, ಒಣಮೆಣಸಿನಕಾಯಿಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಯಕೃತ್ತಿಗೆ ಹಾನಿ ಮಾಡುವ ಈ ವಿಷವು ಮನೆಯ ಅಡುಗೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇದೇ ವಿಷ ಸೇರಿದ್ದ ಕಡಲೆಕಾಯಿ ಹಿಂಡಿಯಿಂದ. ಆದ್ದರಿಂದ ಬೂಷ್ಟು ಕಂಡ ಭಾಗವನ್ನಷ್ಟೇ ಆರಿಸಿ ತೆಗೆಯುವುದಾಗಲಿ, ತುಸು ಬಾಯಿಗೆ ಹಾಕಿ ನೋಡುವುದಾಗಲಿ ಸಲ್ಲದು.

ಆದರೆ ಬಿಳಿಯಾಗಿ ಕಂಡದ್ದೆಲ್ಲ ಬೂಷ್ಟಲ್ಲ. ಒಣ ಅಂಜೂರದ ಮೈಮೇಲೆ ಬಿಳಿ ಪುಡಿ ಕಂಡರೆ ಅದನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡುತ್ತೇನೆ: ಸಕ್ಕರೆಯಾಗಿದ್ದರೆ ಹರಳು ಹರಳಾಗಿ ಹೊಳೆಯುತ್ತದೆ, ಬಿಸಿನೀರಿನಲ್ಲಿ ಕರಗುತ್ತದೆ, ಬೂಷ್ಟಾಗಿದ್ದರೆ ನವಿರಾದ ಎಳೆಗಳು ಎದ್ದು ನಿಂತಿರುತ್ತವೆ. ಹಣ್ಣನ್ನು ಸೀಳಿ ಒಳಭಾಗವನ್ನೂ ನೋಡದೆ ನಾನು ಒಪ್ಪುವುದಿಲ್ಲ.

ಎಣ್ಣೆಯಂಶ ಹೆಚ್ಚಿರುವ ಬೀಜಗಳು, ತೌಡು ತೆಗೆಯದ ಅಕ್ಕಿ, ಇಡೀ ಗೋಧಿಯ ಹಿಟ್ಟು ಬೇಗ ಕಮಟುತ್ತವೆ. ಒಂದು ಚಿಟಿಕೆ ಹಿಟ್ಟನ್ನೋ ಮುರಿದ ಬೀಜವನ್ನೋ ಅಂಗೈಯಲ್ಲಿ ಉಜ್ಜಿ ಬಿಸಿಯಾದಾಗ ಮೂಸಿದರೆ, ಕಮಟಿದ್ದಲ್ಲಿ ಹಳೆಯ ಪೇಂಟ್ ಡಬ್ಬದಂಥ ವಾಸನೆ ಸ್ಪಷ್ಟವಾಗಿ ಬರುತ್ತದೆ. ಹುರಿದರೆ ಅದು ಸರಿಹೋಗುತ್ತದೆ ಎಂಬ ನಂಬಿಕೆ ನನಗಿಲ್ಲ.

ಒಣಗಿಯೇ ಇದ್ದು ಘಮ ಮಾತ್ರ ಕಳೆದುಕೊಂಡ ಮಸಾಲೆಯಿಂದ ಅಪಾಯವಿಲ್ಲ, ಅದು ಅಡುಗೆಗೆ ಹೆಚ್ಚೇನೂ ಕೊಡುವುದಿಲ್ಲ ಅಷ್ಟೆ. ಹಳೆಯ ಕಾಳು ಸಹ ತಿನ್ನಲು ಯೋಗ್ಯವೇ, ಆದರೆ ಬೇಯಲು ಸತಾಯಿಸುತ್ತದೆ; ನೆನೆಸುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮೆತ್ತಗಾಗುತ್ತದೆ. ರಾಜ್ಮಾವನ್ನಂತೂ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಬಳಿಕ ಮೆತ್ತಗಾಗುವ ತನಕ ಬೇಯಿಸುತ್ತೇನೆ, ಏಕೆಂದರೆ ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನು ವಾಂತಿಭೇದಿ ತರುತ್ತದೆ.

ನುಸಿ ಅಥವಾ ಬಲೆಯಂಥ ಎಳೆಗಳು ಕಂಡ ಹಿಟ್ಟನ್ನು ಎಸೆಯುತ್ತೇನೆ, ಅದರ ಪಕ್ಕದಲ್ಲಿದ್ದು ಶುದ್ಧವಾಗಿ ಕಾಣುವ ಪದಾರ್ಥಗಳನ್ನು ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರಿನಲ್ಲಿ 4 ದಿನ ಇಟ್ಟು, ಹೊರತೆಗೆದ ಮೇಲೆ ಪೊಟ್ಟಣದ ಮೇಲಿನ ನೀರು ಪೂರ್ತಿ ಆರುವವರೆಗೆ ಬಿಚ್ಚದೆ ಕಾಯುತ್ತೇನೆ.